ಮಿರಾಕಲ್ ಫ್ರೂಟ್ ಗಿಡಕ್ಕೆ ಬೋರ್‌ವೆಲ್ ನೀರು ಆಗದು

ನರ್ಸರಿಯಿಂದ ತಂದಾಗ ಕಡುಹಸಿರಾಗಿದ್ದ ಮಿರಾಕಲ್ ಫ್ರೂಟ್ ಗಿಡ ಕೆಲವೇ ತಿಂಗಳಲ್ಲಿ ಹಳದಿಗೆ ತಿರುಗುವುದು ಬಯಲುಸೀಮೆಯ ತಾರಸಿ ತೋಟಗಳಲ್ಲಿ ಸಾಮಾನ್ಯ. ಗೊಬ್ಬರ ಸಾಲದೇನೋ ಎಂದು ಇನ್ನಷ್ಟು ಸುರಿಯುತ್ತಾರೆ, ಗಿಡ ಇನ್ನಷ್ಟು ಸೊರಗುತ್ತದೆ. ಹೆಚ್ಚಿನ ಸಲ ತಪ್ಪು ಗೊಬ್ಬರದ್ದಲ್ಲ, ನೀರಿನದು.

ಪಶ್ಚಿಮ ಆಫ್ರಿಕಾದ ತೇವದ ಕಾಡಿನ ಪೊದೆಗಿಡ ಇದು. ನಮ್ಮ ಸಪೋಟ, ಹಿಪ್ಪೆ, ರಂಜಲು ಎಲ್ಲ ಇದರ ಕುಟುಂಬದವೇ. ಹುಳಿ ಬಂದ ಕಳ್ಳು ಕುಡಿಯುವ ಮೊದಲು ಅಲ್ಲಿನ ಜನ ಈ ಕೆಂಪು ಹಣ್ಣನ್ನು ಚೀಪುತ್ತಿದ್ದರು. ಹಣ್ಣಿಗೆ ಅದರದೇ ಆದ ಸಿಹಿ ಹೆಚ್ಚೇನಿಲ್ಲ. ಇರುವುದು ಮಿರಾಕ್ಯುಲಿನ್ ಎಂಬ, 191 ಅಮೈನೋ ಆಮ್ಲಗಳ ಪ್ರೋಟೀನು. ವಿಜ್ಞಾನಿಗಳು ಅದನ್ನು ಬೇರ್ಪಡಿಸಿದ್ದು 1968ರಲ್ಲಿ. ಅದು ನಾಲಿಗೆಯ ಸಿಹಿಗ್ರಾಹಕಗಳಿಗೆ ಅಂಟಿಕೊಂಡು ಸುಮ್ಮನಿರುತ್ತದೆ. ಬಾಯಿಗೆ ಹುಳಿ ಬಿದ್ದೊಡನೆ ಆಕಾರ ಬದಲಿಸಿ ಗ್ರಾಹಕವನ್ನು ಕೆರಳಿಸುತ್ತದೆ, ನಿಂಬೆಹೋಳು ಸಕ್ಕರೆಯಷ್ಟು ಸಿಹಿಯಾಗುತ್ತದೆ. ಅರ್ಧ ಗಂಟೆಯಾದರೂ ಈ ಪರಿಣಾಮ ಉಳಿಯುತ್ತದೆ.

ಹುಳಿಯನ್ನು ಸಿಹಿ ಮಾಡುವ ಈ ಗಿಡಕ್ಕೆ ಬೇಕಾದದ್ದೂ ಹುಳಿ ಮಣ್ಣೇ. ಮಣ್ಣಿನ ರಸಸಾರ, ಅಂದರೆ ಪಿಎಚ್, 4.5ರಿಂದ 5.8ರೊಳಗೆ ಇರಬೇಕು; ಏಳಕ್ಕಿಂತ ಕೆಳಗಿದ್ದರೆ ಹುಳಿ, ಮೇಲಿದ್ದರೆ ಕ್ಷಾರ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಬೈಕಾರ್ಬೊನೇಟ್ ಎಂಬ ಕ್ಷಾರದ ಅಂಶ ತುಂಬಿರುತ್ತದೆ. ದಿನವೂ ಹಾಕುತ್ತಿದ್ದರೆ ಕುಂಡದ ರಸಸಾರ ಏಳು ದಾಟುತ್ತದೆ. ಆಗ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ. ಎಲೆಯನ್ನು ಬೆಳಕಿಗೆ ಹಿಡಿದು ನೋಡಿ: ತುದಿಯ ಎಳೆ ಎಲೆ ಹಳದಿ, ಅದರ ಮೇಲೆ ಬಲೆಯಂತೆ ಹಸಿರು ನರಗಳು. ಇದು ಕಬ್ಬಿಣದ ಕೊರತೆ. ಬುಡದ ಹಳೆ ಎಲೆಗಳು ಅಂಚಿನಿಂದ ಕಂದಾಗಿ ಒಣಗುತ್ತಿದ್ದರೆ ಅದು ಬೇರೆಯೇ ತೊಂದರೆ, ಉಪ್ಪು ಕೂಡಿಕೊಂಡದ್ದು. ಎರಡೂ ಒಟ್ಟಿಗೇ ಕಾಣಿಸುವುದುಂಟು.

ಹಾಗಾಗಿ ಮಳೆನೀರು ಹಿಡಿದಿಡಿ. ಎಸಿಯಿಂದ ತೊಟ್ಟಿಕ್ಕುವ ನೀರೂ ಆದೀತು. ಆರ್‌ಓ ಫಿಲ್ಟರಿನ ಕುಡಿಯುವ ನೀರು ಸರಿ, ಆದರೆ ಅದು ಹೊರಬಿಡುವ ವೇಸ್ಟ್ ನೀರನ್ನು ಖಂಡಿತ ಹಾಕಬೇಡಿ. ಬೋರ್‌ವೆಲ್‌ನ ಉಪ್ಪೆಲ್ಲ ಅದರಲ್ಲಿ ಇನ್ನಷ್ಟು ದಟ್ಟವಾಗಿರುತ್ತದೆ. ಬೇರೆ ದಾರಿಯೇ ಇಲ್ಲವೆಂದರೆ ಹತ್ತು ಲೀಟರ್ ನೀರಿಗೆ ಸಿಟ್ರಿಕ್ ಆಮ್ಲವನ್ನು ಒಂದೊಂದೇ ಗ್ರಾಂ ಕರಗಿಸುತ್ತ, ಪ್ರತಿ ಸಲ ಹತ್ತು ನಿಮಿಷ ಬಿಟ್ಟು ಪಿಎಚ್ ಪಟ್ಟಿಯಲ್ಲಿ ನೋಡಿ, 5.5ಕ್ಕೆ ನಿಲ್ಲಿಸಿ. ತುಂಬಾ ಗಡಸು ನೀರಿಗೆ ನಾಲ್ಕೈದು ಗ್ರಾಂ ಬೇಕಾಗಬಹುದು. ಇದು ತಾತ್ಕಾಲಿಕ ಉಪಾಯ ಮಾತ್ರ; ಮಣ್ಣಿನ ಸೂಕ್ಷ್ಮಜೀವಿಗಳು ಸಿಟ್ರೇಟನ್ನು ತಿಂದು ಮುಗಿಸಿದಾಗ ಬೈಕಾರ್ಬೊನೇಟ್ ಮರಳಿ ಬರುತ್ತದೆ.

ಕುಂಡಕ್ಕೆ ಎರಡು ಪಾಲು ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಎಲೆಗೊಬ್ಬರ, ಒಂದು ಪಾಲು ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಅಥವಾ ದಪ್ಪ ಮರಳು. ಕೊಕೊಪೀಟನ್ನು ಎರಡು ಮೂರು ಸಲ ತೊಳೆದು ಉಪ್ಪು ಬಿಡಿಸಲೇಬೇಕು. ಮಲೆನಾಡು, ಕರಾವಳಿಯವರಿಗೆ ಈ ತಾಪತ್ರಯ ಕಡಿಮೆ. ಅಲ್ಲಿನ ಜಂಬಿಟ್ಟಿಗೆ ಮಣ್ಣು ಸಹಜವಾಗಿಯೇ ಹುಳಿ, ಮಳೆನೀರಿಗೂ ಬರವಿಲ್ಲ. ಒಲೆಯ ಬೂದಿ, ಮೊಟ್ಟೆಚಿಪ್ಪು, ಮೂಳೆಪುಡಿ, ಸುಣ್ಣ ಯಾವುದೂ ಈ ಕುಂಡದ ಹತ್ತಿರ ಸುಳಿಯಬಾರದು. ಪ್ರೀತಿಯಿಂದ ಹಾಕಿದ ಒಂದು ಮುಷ್ಟಿ ಬೂದಿ ಸಾಕು, ಗಿಡ ತಿಂಗಳುಗಟ್ಟಲೆ ಹಿಂದೆ ಬೀಳುತ್ತದೆ. ಗಿಡ ಬೆಳೆಯುವುದು ನಿಧಾನ, ಹೊಟ್ಟೆಯೂ ಚಿಕ್ಕದು: ಮಳೆ ಶುರುವಾದ ಮೇಲೆ ತಿಂಗಳಿಗೊಮ್ಮೆ, ಲೀಟರಿಗೆ ಒಂದು ಗ್ರಾಂ ಅಮೋನಿಯಂ ಸಲ್ಫೇಟ್ ಸಾಕು. ಆಗಲೇ ಹಳದಿಯಾದ ಗಿಡಕ್ಕೆ ಕಬ್ಬಿಣದ ಚೀಲೇಟ್ (ಬೇರಿಗೆ ದಕ್ಕುವ ರೂಪದಲ್ಲಿ ಹಿಡಿದಿಟ್ಟ ಕಬ್ಬಿಣ) ಕೊಡುವಾಗ ಇಡಿಡಿಎಚ್ಎ ಎಂದಿರುವುದನ್ನೇ ಕೇಳಿ ತನ್ನಿ. ಅಗ್ಗದ ಇಡಿಟಿಎ ರೂಪ ಕ್ಷಾರದ ಮಣ್ಣಿನಲ್ಲಿ ನಿಲ್ಲುವುದಿಲ್ಲ. ಗಂಧಕದ ಪುಡಿಯೂ ಮಣ್ಣನ್ನು ಹುಳಿ ಮಾಡುತ್ತದೆ, ಆದರೆ ಆ ಕೆಲಸ ಬ್ಯಾಕ್ಟೀರಿಯಾಗಳದ್ದು. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯಬೇಕು.

ಬೆಳಗಿನ ಬಿಸಿಲು ಬೇಕು, ಏಪ್ರಿಲ್ ಮಧ್ಯಾಹ್ನದ ಬಿಸಿಲು ಎಲೆ ಸುಡುತ್ತದೆ. ಮಣ್ಣು ಪೂರ್ತಿ ಒಣಗಕೂಡದು, ನೀರು ನಿಲ್ಲಲೂಬಾರದು. ಬಿಳಿ ಹಿಟ್ಟುತಿಗಣೆ ಎಲೆಯ ಕಂಕುಳಲ್ಲಿ ಕೂತರೆ ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಜೊತೆಗೆ ಅದನ್ನು ಸಾಕುವ ಇರುವೆಗಳನ್ನೂ ತಡೆಯಿರಿ.

ಬೀಜದಿಂದ ಬೆಳೆಸಿದರೆ ಮೊದಲ ಹಣ್ಣಿಗೆ ಮೂರು ನಾಲ್ಕು ವರ್ಷ. ಹಣ್ಣು ಎರಡು ಮೂರು ಸೆಂಟಿಮೀಟರ್ ಉದ್ದ, ತಿರುಳು ತೆಳು. ಕಿತ್ತ ದಿನವೇ ತಿನ್ನಿ, ಇಲ್ಲವೇ ಫ್ರೀಜರಿನಲ್ಲಿಡಿ. ಬೇಯಿಸಿದರೆ ಪ್ರೋಟೀನು ಕೆಡುತ್ತದೆ. ತಿರುಳನ್ನು ಒಂದು ನಿಮಿಷ ನಾಲಿಗೆಯ ಮೇಲೆಲ್ಲ ಹೊರಳಿಸಿ, ಆಮೇಲೆ ನಿಂಬೆ ಚೀಪಿ. ಮಿತಿ ಇರಲಿ: ರುಚಿ ಸಿಹಿಯಾದರೂ ಆಮ್ಲ ಅಷ್ಟೇ ಇರುತ್ತದೆ, ಹಲ್ಲಿಗೂ ಹೊಟ್ಟೆಗೂ ಅದು ನಿಂಬೆಯೇ.

ಒಂದು ಹಣ್ಣಿಗೆ ಒಂದೇ ಬೀಜ. ಹಲಸಿನ ಬೀಜದಂತೆ ಇದೂ ಒಣಗಿದರೆ ಸತ್ತಂತೆಯೇ, ಪೊಟ್ಟಣ ಕಟ್ಟಿಟ್ಟು ಮುಂದಿನ ಮಳೆಗೆ ಬಿತ್ತಲಾಗದು. ಅಂಟನ್ನು ತೊಳೆದು ಅಂದೋ ಮರುದಿನವೋ ತೇವದ ಕೊಕೊಪೀಟಿನಲ್ಲಿ ಒಂದು ಸೆಂಟಿಮೀಟರ್ ಆಳಕ್ಕೆ ಹೂತು ನೆರಳಲ್ಲಿಡಿ. ಮೊಳಕೆಗೆ ಮೂರರಿಂದ ಆರು ವಾರ ಹಿಡಿಯುತ್ತದೆ.