ಲಾಟರಿಯಲ್ಲಿ ಸಿಕ್ಕ ಸೀಟನ್ನು ಒಪ್ಪಿಕೊಂಡರೆ ವೇಟಿಂಗ್ ಲಿಸ್ಟ್‌ನ ಜಾಗ ತಪ್ಪುತ್ತದೆಯೇ?

ಪ್ರಶ್ನೆ: ಕೆಲಸದ ನಿಮಿತ್ತ ವಾಷಿಂಗ್ಟನ್ ಡಿ.ಸಿ.ಯಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಮೂರು ವರ್ಷದ ಮಗಳಿಗಾಗಿ ಶಾಲೆಗಳ ಸೀಟು ಹಂಚುವ ಲಾಟರಿಗೆ ಅರ್ಜಿ ಹಾಕಿ, ಮನೆ ಹತ್ತಿರದ ಸರ್ಕಾರಿ ಶಾಲೆಯನ್ನು ಮೊದಲ ಆಯ್ಕೆಯಾಗಿಯೂ, ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಎರಡರಲ್ಲೂ ಕಲಿಸುವ ಒಂದು ಚಾರ್ಟರ್ ಶಾಲೆಯನ್ನು (ಸರ್ಕಾರದ ಹಣದಿಂದ, ಆದರೆ ಸ್ವತಂತ್ರ ಆಡಳಿತದಲ್ಲಿ ನಡೆಯುವ ಶಾಲೆ) ಮೂರನೆಯದಾಗಿಯೂ ಬರೆದಿದ್ದೆವು. ಸೀಟು ಚಾರ್ಟರ್ ಶಾಲೆಯಲ್ಲಿ ಸಿಕ್ಕಿದೆ. ಹತ್ತಿರದ ಶಾಲೆಯ ವೇಟಿಂಗ್ ಲಿಸ್ಟ್‌ನಲ್ಲಿ ಹೆಸರಿದೆ. ಸಿಕ್ಕಿದ್ದನ್ನು ಒಪ್ಪಿಕೊಂಡರೆ ವೇಟಿಂಗ್ ಲಿಸ್ಟ್‌ನಿಂದ ಹೆಸರು ಹೋಗುತ್ತದೆಯೇ? ಎರಡರಲ್ಲಿ ಯಾವುದನ್ನು ಆರಿಸುವುದು?

ಉತ್ತರ: ಹೋಗುವುದಿಲ್ಲ. ಸಿಕ್ಕ ಸೀಟಿಗೆ ದಾಖಲಾತಿ ಮಾಡಿಸಿದರೂ, ಅರ್ಜಿಯಲ್ಲಿ ಅದಕ್ಕಿಂತ ಮೇಲೆ ಬರೆದ ಶಾಲೆಗಳ ವೇಟಿಂಗ್ ಲಿಸ್ಟ್‌ನಲ್ಲಿ ನಿಮ್ಮ ಮಗಳ ಸ್ಥಾನ ಹಾಗೆಯೇ ಉಳಿಯುತ್ತದೆ. ಕೆಳಗೆ ಬರೆದ ಶಾಲೆಗಳ ಪಟ್ಟಿಗಳಲ್ಲಿ ಮಾತ್ರ ಅವಳ ಹೆಸರು ಇರುವುದಿಲ್ಲ. ಆದ್ದರಿಂದ ಮೊದಲು ಡಿ.ಸಿ. ನಿವಾಸಿಗಳೆಂದು ತೋರಿಸುವ ದಾಖಲೆಗಳನ್ನು ಹೊಂದಿಸಿಕೊಂಡು ಚಾರ್ಟರ್ ಶಾಲೆಗೆ ಸೇರಿಸಿಬಿಡಿ. ಗಡುವು ಮೀರಿದರೆ ಆ ಸೀಟು ಮುಂದಿನ ಮಗುವಿಗೆ ಹೋಗುತ್ತದೆ. ಹತ್ತಿರದ ಶಾಲೆಯಿಂದ ಕರೆ ಬಂದು ನೀವು ಅಲ್ಲಿಗೆ ದಾಖಲಾತಿ ಬದಲಿಸಿದ ದಿನ ಚಾರ್ಟರ್ ಸೀಟು ತಾನಾಗಿ ಬಿಟ್ಟುಹೋಗುತ್ತದೆ, ಏಕೆಂದರೆ ಒಂದು ಮಗು ಎರಡು ಕಡೆ ಸೀಟು ಇಟ್ಟುಕೊಳ್ಳುವಂತಿಲ್ಲ. ನಿಜವಾದ ತೀರ್ಮಾನ ಮಾಡಬೇಕಾದದ್ದು ಆ ದಿನ. ಅದಕ್ಕೆ ಈಗಿನಿಂದಲೇ ಸಿದ್ಧರಾಗಿರುವುದು ಒಳ್ಳೆಯದು, ಏಕೆಂದರೆ ಕರೆ ಬಂದ ಮೇಲೆ ಯೋಚಿಸಲು ಹೆಚ್ಚು ಸಮಯ ಕೊಡುವುದಿಲ್ಲ.

'ಮೈ ಸ್ಕೂಲ್ ಡಿಸಿ' ಎಂಬ ಈ ಸಾಮಾನ್ಯ ಲಾಟರಿ 2014ರಲ್ಲಿ ಆರಂಭವಾಯಿತು. ನಗರದ ಸರ್ಕಾರಿ ಶಾಲೆಗಳಿಗೂ ಬಹುತೇಕ ಚಾರ್ಟರ್ ಶಾಲೆಗಳಿಗೂ ಒಂದೇ ಅರ್ಜಿ ಸಾಕು, ಅದರಲ್ಲಿ 12 ಶಾಲೆಗಳವರೆಗೆ ಬರೆಯಬಹುದು. 2012ರ ಅರ್ಥಶಾಸ್ತ್ರದ ನೊಬೆಲ್ ಪಡೆದ ಆಲ್ವಿನ್ ರಾತ್ ಮತ್ತು ಲಾಯ್ಡ್ ಶೇಪ್ಲಿ ಅವರ ಹೊಂದಾಣಿಕೆ ಸಿದ್ಧಾಂತದ (ಎರಡು ಕಡೆಯವರ ಆಯ್ಕೆ, ಆದ್ಯತೆಗಳನ್ನು ನೋಡಿ ಜೋಡಿಸುವ ವಿಧಾನ) ಮೇಲೆ ನಿಂತಿರುವುದರಿಂದ, ಇಲ್ಲಿ ಲೆಕ್ಕಾಚಾರದ ಜಾಣತನಕ್ಕೆ ಬೆಲೆಯಿಲ್ಲ. ನಿಜವಾಗಿ ಬೇಕಾದ ಶಾಲೆಯನ್ನು ಮೊದಲು ಬರೆದವರಿಗೆ ಅದರಿಂದ ನಷ್ಟವಾಗುವುದಿಲ್ಲ. ನೀವು ಮಾಡಿದ್ದೂ ಅದನ್ನೇ.

ಇನ್ನು ಆಯ್ಕೆಯ ವಿಷಯ. ಎರಡೂ ಶುಲ್ಕವಿಲ್ಲದ, ಸಾರ್ವಜನಿಕ ಹಣದಿಂದ ನಡೆಯುವ ಶಾಲೆಗಳೇ. ಹೆಸರು ದೊಡ್ಡದೋ ಚಿಕ್ಕದೋ ಎಂಬುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ಈಗ ಬಿಟ್ಟರೆ ಯಾವುದು ಮತ್ತೆ ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂಬುದು. ಡಿ.ಸಿ.ಯಲ್ಲಿ ಪ್ರತಿ ವಿಳಾಸಕ್ಕೂ ಒಂದು ಸರ್ಕಾರಿ ಶಾಲೆ ಗೊತ್ತಾಗಿರುತ್ತದೆ. ಅದನ್ನು ಬೌಂಡರಿ ಶಾಲೆ ಎನ್ನುತ್ತಾರೆ. ಮೂರು ಮತ್ತು ನಾಲ್ಕು ವರ್ಷದ ಮಕ್ಕಳ ಪ್ರೀ-ಕೆ ತರಗತಿಗಳಿಗೆ ಆ ಶಾಲೆಯಲ್ಲಿ ಆದ್ಯತೆ ಇದೆಯಾದರೂ ಹೆಚ್ಚಿನ ಕಡೆ ಸೀಟಿನ ಖಾತರಿಯಿಲ್ಲ. ಆದರೆ ಸೆಪ್ಟೆಂಬರ್ 30ರೊಳಗೆ ಐದು ವರ್ಷ ತುಂಬಿ ಕಿಂಡರ್‌ಗಾರ್ಟನ್‌ಗೆ ಬಂದ ಮಗುವಿಗೆ ಅಲ್ಲಿ ಸೀಟು ಹಕ್ಕಾಗಿಯೇ ಸಿಗುತ್ತದೆ, ಲಾಟರಿ ಬೇಕಿಲ್ಲ. ನಿಮ್ಮ ಮೊದಲ ಆಯ್ಕೆ ನಿಮ್ಮದೇ ಬೌಂಡರಿ ಶಾಲೆಯಾಗಿದ್ದರೆ, ಈಗ ಅದನ್ನು ಬಿಟ್ಟರೂ ಎರಡು ವರ್ಷದ ನಂತರ ಅದರ ಬಾಗಿಲು ತೆರೆದೇ ಇರುತ್ತದೆ. ಚಾರ್ಟರ್ ಸೀಟು ಹಾಗಲ್ಲ. ಒಮ್ಮೆ ಬಿಟ್ಟರೆ ಮತ್ತೆ ಲಾಟರಿಗೇ ಹೋಗಬೇಕು. ದ್ವಿಭಾಷಾ ಶಾಲೆಗಳಲ್ಲಂತೂ ಮೇಲಿನ ತರಗತಿಗಳಿಗೆ ಹೋದಂತೆ ಭಾಷೆ ಬಾರದ ಮಗು ಸೇರುವುದು ಕಷ್ಟವಾಗುತ್ತದೆ. ಜೊತೆಗೆ ಮುಂಡೋ ವೆರ್ದೆ, ಡಿ.ಸಿ. ಬೈಲಿಂಗ್ವಲ್ ಮೊದಲಾದ ಕೆಲವು ಚಾರ್ಟರ್ ಶಾಲೆಗಳ ಮಕ್ಕಳಿಗೆ ಆರನೇ ತರಗತಿಯಿಂದ ಡಿ.ಸಿ. ಇಂಟರ್‌ನ್ಯಾಷನಲ್ ಶಾಲೆಗೆ ದಾರಿ ಇದೆ. ನಿಮಗೆ ಸಿಕ್ಕ ಶಾಲೆ ಆ ಗುಂಪಿನದೇ ಎಂದು ವಿಚಾರಿಸಿಕೊಳ್ಳಿ.

ಬಾಡಿಗೆ ಮನೆಯಲ್ಲಿರುವವರು ಮರೆಯಬಾರದ ಮಾತೊಂದಿದೆ. ಬೌಂಡರಿ ಹಕ್ಕು ವಿಳಾಸಕ್ಕೆ ಅಂಟಿಕೊಂಡದ್ದು; ಚಾರ್ಟರ್ ಸೀಟು ಮಗುವಿನ ಜೊತೆ ಬರುವಂಥದ್ದು. ನಗರದೊಳಗೆ ಎಲ್ಲಿಗೆ ಮನೆ ಬದಲಿಸಿದರೂ ಅದು ಉಳಿಯುತ್ತದೆ. ಆದರೆ ಮೇರಿಲ್ಯಾಂಡಿಗೋ ವರ್ಜೀನಿಯಕ್ಕೋ ಹೋದರೆ ಎರಡರ ಮೇಲಿನ ಹಕ್ಕೂ ಮುಗಿಯುತ್ತದೆ. ವೀಸಾದ ಬಗ್ಗೆ ಮಾತ್ರ ಚಿಂತೆ ಬೇಡ. 1982ರ ಪ್ಲೈಲರ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಂತೆ, ವಲಸೆಯ ಸ್ಥಿತಿಯ ಕಾರಣಕ್ಕೆ ಮಕ್ಕಳಿಗೆ ಸಾರ್ವಜನಿಕ ಶಾಲೆಯನ್ನು ನಿರಾಕರಿಸುವಂತಿಲ್ಲ.

ಇಷ್ಟರಿಂದ ಚಾರ್ಟರ್ ಶಾಲೆಯೇ ಸರಿ ಎಂದು ತೋರಬಹುದು. ಅದರ ವಿರುದ್ಧ ನಿಲ್ಲುವ ಎರಡು ಸಂಗತಿಗಳಲ್ಲಿ ಮೊದಲನೆಯದು ದಿನದ ಪ್ರಯಾಣ. ನನಗೆ ಅದು ಪರೀಕ್ಷೆಯ ಅಂಕಗಳಿಗಿಂತ ದೊಡ್ಡದಾಗಿ ಕಾಣುತ್ತದೆ. ಅಮೆರಿಕದ ಬೇರೆ ಊರುಗಳಲ್ಲಿ ಕಾಣುವ ಹಳದಿ ಶಾಲಾ ಬಸ್ಸು ಡಿ.ಸಿ.ಯಲ್ಲಿ ಬಹುಮಟ್ಟಿಗೆ ವಿಶೇಷ ಅಗತ್ಯದ ಮಕ್ಕಳಿಗಷ್ಟೇ ಇದೆ. ಉಳಿದ ಚಿಕ್ಕ ಮಕ್ಕಳನ್ನು ಸಾಮಾನ್ಯವಾಗಿ ತಂದೆತಾಯಿಯರೇ ಕರೆದೊಯ್ದು ಕರೆತರಬೇಕು. ಮಧ್ಯಾಹ್ನ ಮೂರರ ಸುಮಾರಿಗೆ ತರಗತಿ ಮುಗಿದ ಮೇಲಿನ ಆರೈಕೆಗೆ ಬೇರೆ ವ್ಯವಸ್ಥೆ ಬೇಕು, ಅದಕ್ಕೂ ಪ್ರತ್ಯೇಕವಾಗಿ ಹೆಸರು ಬರೆಸಬೇಕು. ಮೂರು ವರ್ಷದ ಕೂಸನ್ನು ಚಳಿಗಾಲದಲ್ಲಿ ಎರಡು ಬಸ್ಸು ಹತ್ತಿಸಿ ಇಳಿಸುವ ದಿನಚರಿ ಇಡೀ ಮನೆಯನ್ನು ದಣಿಸುತ್ತದೆ. ಅಂಕಗಳೋ, ಮೂರನೇ ತರಗತಿಯಿಂದ ನಡೆಯುವ ಪರೀಕ್ಷೆಯವು. ಪ್ರೀ-ಕೆ ತರಗತಿಯ ಟೀಚರ್ ಅಳುವ ಮಗುವನ್ನು ಹೇಗೆ ಸಮಾಧಾನಪಡಿಸುತ್ತಾರೆ ಎಂಬುದನ್ನು ಅವು ಹೇಳುವುದಿಲ್ಲ.

ಎರಡನೆಯದು, ಶಾಲೆ ಉಳಿದುಕೊಳ್ಳುವ ಭರವಸೆ. ಚಾರ್ಟರ್ ಶಾಲೆಗೆ 15 ವರ್ಷದ ಪರವಾನಗಿ ಇರುತ್ತದೆ, ಐದು ವರ್ಷಕ್ಕೊಮ್ಮೆ ಪರಿಶೀಲನೆ ನಡೆಯುತ್ತದೆ. ಚಿಕ್ಕ ಮಕ್ಕಳಿಗೇ ಮೀಸಲಾಗಿದ್ದ ಈಗಲ್ ಅಕಾಡೆಮಿ 2024ರ ಆಗಸ್ಟ್‌ನಲ್ಲಿ, ತರಗತಿಗಳು ಶುರುವಾಗಲು ಕೆಲವೇ ದಿನಗಳಿರುವಾಗ ಹಣಕಾಸಿನ ಬಿಕ್ಕಟ್ಟಿನಿಂದ ಮುಚ್ಚಿತು, ಪೋಷಕರು ಕೊನೆಗಳಿಗೆಯಲ್ಲಿ ಬೇರೆ ಶಾಲೆ ಹುಡುಕಬೇಕಾಯಿತು. ಹಾಗೆಂದು ಎಲ್ಲವನ್ನೂ ಅನುಮಾನಿಸಬೇಕಿಲ್ಲ. ಆದರೆ ಈ ಶಾಲೆಗಳ ಮೇಲ್ವಿಚಾರಣೆ ನಡೆಸುವ ಚಾರ್ಟರ್ ಮಂಡಳಿ ಪ್ರಕಟಿಸುವ ಹಣಕಾಸು ವರದಿ ಮತ್ತು ಪರಿಶೀಲನಾ ವರದಿಯನ್ನು ಓದಲು ಒಂದು ಸಂಜೆಯನ್ನು ಕೊಡಿ.

ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಆದರೆ ಮಗು ಗೊಂದಲಕ್ಕೆ ಬೀಳುವುದಿಲ್ಲವೇ ಎಂದು ಹಿರಿಯರು ಕೇಳಬಹುದು. ಮನೆಯಲ್ಲಿ ತೆಲುಗು ಅಥವಾ ತುಳು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಎಂದು ಬೆಳೆದ ನಮ್ಮೂರ ಮಕ್ಕಳೇ ಅದಕ್ಕೆ ಉತ್ತರ. ಕನ್ನಡವನ್ನು ಮನೆಯಲ್ಲಿ ಬಿಡದೆ ಆಡಿದರೆ ಸಾಕು.

ನನ್ನ ಅಭಿಪ್ರಾಯ ಹೀಗಿದೆ: ಚಾರ್ಟರ್ ಶಾಲೆಗೆ ಬೆಳಿಗ್ಗೆ ಎಂಟರ ಹೊತ್ತಿನಲ್ಲಿ ಮಗಳೊಂದಿಗೆ ಒಮ್ಮೆ ಹೋಗಿ ನೋಡಿ. ಅರ್ಧ ಗಂಟೆಯೊಳಗೆ ತಲುಪಿದರೆ, ಸ್ಪ್ಯಾನಿಷ್ ಕಲಿಕೆ ನಿಮಗೆ ನಿಜವಾಗಿಯೂ ಬೇಕಾಗಿದ್ದರೆ, ಹತ್ತಿರದ ಶಾಲೆ ಕರೆದರೂ ಅಲ್ಲೇ ಮುಂದುವರಿಯಿರಿ. ಅದಕ್ಕಿಂತ ಬಹಳ ಹೆಚ್ಚು ಹೊತ್ತು ಹಿಡಿದರೆ, ಕರೆ ಬಂದ ದಿನವೇ ಹತ್ತಿರದ ಶಾಲೆಗೆ ಸೇರಿಸಿ. ಎರಡನೆಯ ಮಗು ಇದ್ದರೆ, ಅಕ್ಕ ಓದುವ ಶಾಲೆಯಲ್ಲಿ ಒಡಹುಟ್ಟಿದವರಿಗೆ ಸಿಗುವ ಆದ್ಯತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ, ಏಕೆಂದರೆ ಈಗ ಮಾಡುವ ಆಯ್ಕೆ ಆ ಮಗುವಿನದೂ ಆಗುವ ಸಾಧ್ಯತೆ ಹೆಚ್ಚು.