ಎಷ್ಟು ಸಲ ಮುಖ ತೊಳೆದರೂ ಮೊಡವೆ ಹೋಗಲ್ಲ, ಯಾಕೆ?

ಪ್ರಶ್ನೆ: ಮಗಳಿಗೆ 15 ವರ್ಷ. ಹಣೆ, ಕೆನ್ನೆ ತುಂಬಾ ಮೊಡವೆ. ದಿನಕ್ಕೆ ಐದಾರು ಸಲ ಸೋಪು ಹಾಕಿ ತೊಳೀತಾಳೆ, ಕಡಲೆಹಿಟ್ಟು ಹಚ್ಚಿ ಉಜ್ಜುತ್ತಾಳೆ. ಆದರೂ ಕಡಿಮೆ ಆಗ್ತಿಲ್ಲ. ಏನು ಮಾಡೋದು?

ಉತ್ತರ: ಮೊದಲು ಆ ಉಜ್ಜಾಟ ನಿಲ್ಲಲಿ. ಮೊಡವೆ ಕೊಳೆಯಿಂದ ಬರುವುದಲ್ಲ. ಈ ವಯಸ್ಸಿನಲ್ಲಿ ಹಾರ್ಮೋನು ಏರಿ ಚರ್ಮದಲ್ಲಿ ಜಿಡ್ಡು ಜಾಸ್ತಿ ಆಗುತ್ತದೆ. ಆ ಜಿಡ್ಡೂ ಸತ್ತ ಚರ್ಮವೂ ಸೇರಿ ಕೂದಲಿನ ಬುಡದ ತೂತಿಗೆ ಬಿರಡೆ ಹಾಕಿದ ಹಾಗೆ ಕೂರುತ್ತವೆ. ಒಳಗೆ ಬ್ಯಾಕ್ಟೀರಿಯಾ ಬೆಳೆದು ಕೆಂಪಗೆ ಊದುತ್ತದೆ. ಮೂಗಿನ ಮೇಲಿನ ಕಪ್ಪು ಚುಕ್ಕೆಯೂ ಕೊಳೆಯಲ್ಲ, ಗಾಳಿ ತಾಗಿ ಕಪ್ಪಾದ ಬಿರಡೆಯ ತುದಿ ಅಷ್ಟೆ. ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ ಮೃದುವಾದ ಫೇಸ್‌ವಾಶ್ ಸಾಕು.

ಹಣೆಯಲ್ಲೇ ಸಣ್ಣ ಗುಳ್ಳೆಗಳು ಜಾಸ್ತಿ ಇದ್ದರೆ ತಲೆಗೆ ಹಚ್ಚುವ ಎಣ್ಣೆಯನ್ನೂ ಅನುಮಾನಿಸಿ. ರಾತ್ರಿ ತಟ್ಟಿದ ಕೊಬ್ಬರಿ ಎಣ್ಣೆ ಬೆಳಗಾಗುವಷ್ಟರಲ್ಲಿ ಹಣೆಗೆ ಇಳಿದಿರುತ್ತದೆ, ದಿಂಬಿನ ಕವರಿಗೂ ಹತ್ತಿರುತ್ತದೆ. ಎಣ್ಣೆ ಬಿಡೋಕೆ ಮನೆಯಲ್ಲಿ ಅಜ್ಜಿ ಒಪ್ಪಲ್ಲ, ಅಲ್ವಾ? ತಲೆಸ್ನಾನಕ್ಕೆ ಒಂದು ಗಂಟೆ ಮೊದಲು ಹಚ್ಚಲಿ, ಇಬ್ಬರಿಗೂ ಸಮಾಧಾನ.

ಔಷಧಿಯಲ್ಲಿ ಸಾಮಾನ್ಯವಾಗಿ ಮೊದಲು ಕೊಡುವುದು 2.5% ಬೆಂಜಾಯಿಲ್ ಪೆರಾಕ್ಸೈಡ್ ಅಥವಾ 0.1% ಅಡಾಪಲೀನ್ ಜೆಲ್. ಡಾಕ್ಟರನ್ನು ಕೇಳಿಯೇ ಶುರು ಮಾಡಿ. ಮೊಡವೆ ಮೇಲೆ ಮಾತ್ರ ಬೊಟ್ಟು ಇಡುವುದಲ್ಲ, ಮೊಡವೆ ಏಳುವ ಜಾಗಕ್ಕೆಲ್ಲ ತೆಳ್ಳಗೆ ಸವರಬೇಕು. ಅಡಾಪಲೀನ್ ಆದರೆ ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು ಸಾಕು, ಅದೂ ರಾತ್ರಿ. ಮೊದಮೊದಲು ಚರ್ಮ ಒಣಗಿ ಸಿಪ್ಪೆ ಏಳುತ್ತದೆ, ಗಾಬರಿ ಬೇಡ. ಬೆಂಜಾಯಿಲ್ ಪೆರಾಕ್ಸೈಡ್ ಬಣ್ಣದ ಟವೆಲ್ಲಿಗೆ ತಾಗಿದರೆ ಬಣ್ಣವೇ ಹೋಗುತ್ತದೆ. ಅದಕ್ಕೊಂದು ಬಿಳಿ ಟವೆಲ್ ಇಡಿ. ಗುಣ ಕಾಣಲು ಎಂಟು ವಾರವಾದರೂ ಬೇಕು. ಹತ್ತು ದಿನಕ್ಕೇ ಬೇಸತ್ತು ಟ್ಯೂಬ್ ಮೂಲೆಗೆ ಎಸೆಯುವವರೇ ಜಾಸ್ತಿ.

ನನಗೆ ನಿಜವಾದ ಭಯ ಪಕ್ಕದ ಮನೆಯವರು ಹೇಳುವ ಕ್ರೀಮಿನದು. ಟ್ಯೂಬಿನ ಮೇಲೆ ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಅಂತ ಇದ್ದರೆ ಅದು ಸ್ಟೀರಾಯ್ಡ್. ಮೊದಲ ವಾರ ಮುಖ ಫಳಫಳ. ಹಚ್ಚುತ್ತಾ ಹೋದರೆ ಚರ್ಮ ತೆಳ್ಳಗಾಗಿ ಮೊಡವೆ ಇನ್ನೂ ಏಳುತ್ತದೆ. ಬಿಟ್ಟರೆ ಉರಿ. 2018ರಲ್ಲೇ ಇಂಥ ಹಲವು ಕ್ರೀಮುಗಳಿಗೆ ಡಾಕ್ಟರ್ ಚೀಟಿ ಕಡ್ಡಾಯ ಆಯಿತು. ಆದರೂ ಎಷ್ಟೋ ಕಡೆ ಸುಮ್ನೆ ಕೇಳಿದರೂ ಕೊಡುತ್ತಾರೆ.

ನೋಯುವ ಗಂಟುಗಳಿದ್ದರೆ, ಗುಳಿ ಬೀಳುತ್ತಿದ್ದರೆ, ಮುಟ್ಟು ಏರುಪೇರಾಗಿ ಗಲ್ಲದಲ್ಲಿ ಕೂದಲೂ ಬರುತ್ತಿದ್ದರೆ ತಡಮಾಡದೆ ಚರ್ಮದ ಡಾಕ್ಟರ ಹತ್ತಿರ ಹೋಗಿ. ಹೋಗುವಾಗ ಇಷ್ಟು ದಿನ ಹಚ್ಚಿದ ಟ್ಯೂಬುಗಳನ್ನೆಲ್ಲ ಒಂದು ಕವರಿನಲ್ಲಿ ಹಾಕಿಕೊಳ್ಳಿ, ಖಾಲಿ ಆದದ್ದನ್ನೂ.