ರಾಣಿ ರೂಪಾಯಿಯನ್ನು ನೀರಲ್ಲಿ ತೂಗಿ ನೋಡಿ

ಅಕ್ಕಿಕಾಳನ್ನು ಎಳೆಯುವ ನಾಣ್ಯ ಈ ಭೂಮಿಯ ಮೇಲಿಲ್ಲ. ಆದರೂ ನಮ್ಮ ಚಿಂತಾಮಣಿ ಕಡೆ ‘ಈಸ್ಟ್ ಇಂಡಿಯಾ ಕಂಪನಿ ಕಾಲದ ತಾಮ್ರ, ಸಿಡಿಲು ಹೊಡೆದು ಇರಿಡಿಯಂ ಲೋಹ ಆಗಿದೆ, ಅಕ್ಕಿ ಎಳೆಯುತ್ತೆ, ಕೋಟಿ ಬಾಳುತ್ತೆ’ ಎಂದು ಕಿವಿಯೂದುವವರು ಇನ್ನೂ ಇದ್ದಾರೆ. ಸಿಡಿಲು ತಾಮ್ರವನ್ನು ಕರಗಿಸೀತು, ಬೇರೆ ಧಾತು ಮಾಡಲಾರದು. ಇರಿಡಿಯಮ್ಮೇ ಆಗಿದ್ದರೂ ಅಕ್ಕಿಯನ್ನು ಎಳೆಯುವುದಿಲ್ಲ. ಕಾಳಿಗೆ ಕಬ್ಬಿಣದ ಪುಡಿ ಮೆತ್ತಿ ಎಲ್ಲೋ ಅಯಸ್ಕಾಂತ ಬಚ್ಚಿಟ್ಟರಷ್ಟೇ ಆ ಆಟ. ನಮ್ಮದೇ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳ ಪರೀಕ್ಷೆಗೆಂದೇ ಸಮಿತಿ ಮಾಡಿದ್ದರು. ಅದೇ ಸೀಮೆಯಲ್ಲಿ ಅಕ್ಕಿ ನಾಣ್ಯಕ್ಕೆ ಹೊಲ ಮಾರುವುದೆಂದರೆ ಹೊಟ್ಟೆ ಉರಿಯುತ್ತದೆ.

ಇನ್ನು ಕೆಲವು ‘ಕಂಪನಿ ಅರ್ಧ ಆಣೆ’ಗಳ ಮೇಲೆ ರಾಮ, ಸೀತೆ, ಹನುಮಂತ ಇರುತ್ತಾರೆ. ಮದರಾಸಿನ ಕಂಪನಿ ವರಹದ ಮೇಲೆ ವಿಷ್ಣು ಇದ್ದದ್ದು ನಿಜ. ಆದರೆ 1835ರ ಅಸಲಿ ಅರ್ಧ ಆಣೆಯಲ್ಲಿರುವುದು ಎರಡು ಸಿಂಹ ಹಿಡಿದ ಗುರಾಣಿ, ಕಂಪನಿಯ ಲಾಂಛನ. ಹನುಮಂತನ ಆಣೆಯನ್ನು ಪರೀಕ್ಷೆಗೆ ಒಯ್ಯುವ ಶ್ರಮವೂ ಬೇಡ.

ನಿಜವಾದ ತಲೆನೋವು ಬೆಳ್ಳಿ ರೂಪಾಯಿಯದು. ಮೈಸೂರು ಸಂಸ್ಥಾನದ ಟಂಕಸಾಲೆ 1843ರಲ್ಲಿ ಮುಚ್ಚಿತು. ಆಮೇಲೆ ಇಲ್ಲೆಲ್ಲ ಓಡಾಡಿದ್ದು ಬ್ರಿಟಿಷ್ ರೂಪಾಯಿಯೇ. ವರಮಹಾಲಕ್ಷ್ಮಿ ಕಲಶದ ಮುಂದೆ ಇಡುವ, ವಿಕ್ಟೋರಿಯಾ ರಾಣಿಯ ತಲೆ ಇರುವ ರಾಣಿ ರೂಪಾಯಿ ಅಸಲಿಯಾಗಿದ್ದರೆ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ಬೆಳ್ಳಿ ನೂರಕ್ಕೆ 91.7 ಪಾಲು, ಉಳಿದದ್ದು ತಾಮ್ರ.

ಬರೀ ತೂಕ ಸಾಲದು. ನೂರು ವರ್ಷ ಕೈಯಿಂದ ಕೈಗೆ ಸವೆದ ಅಸಲಿ 11.4 ತೂಗಬಹುದು, ನಕಲಿ ಮಾಡುವವನು 11.66ಕ್ಕೇ ತೂಗಿಸಿ ಬಿಡಬಹುದು. ಸವೆತ ಮುಟ್ಟಲಾಗದ್ದು ಸಾಂದ್ರತೆಯನ್ನು, ಅಂದರೆ ಒಂದು ಘನ ಸೆಂಟಿಮೀಟರ್ ಲೋಹದ ತೂಕವನ್ನು. ಒಬ್ಬಟ್ಟಿನ ಅಂಚು ಮುರಿದು ತಿಂದರೆ ತೂಕ ಇಳಿಯುತ್ತದೆ, ರುಚಿ ಇಳಿಯುವುದಿಲ್ಲ, ಹಾಗೆ.

ಬೆಳ್ಳಿ ಅಂಗಡಿಯವರಲ್ಲಿರುವಂಥ, 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಬೇಕು. ಮೊದಲು ನಾಣ್ಯವನ್ನು ತೂಗಿ ಬರೆದುಕೊಳ್ಳಿ. ಆಮೇಲೆ ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ, ನಾಣ್ಯವನ್ನು ದಾರಕ್ಕೆ ಕಟ್ಟಿ ಪೂರ್ತಿ ಮುಳುಗಿಸಿ. ತಳ, ಪಕ್ಕ ಯಾವುದಕ್ಕೂ ತಾಗಬಾರದು. ಗುಳ್ಳೆ ಅಂಟಿದ್ದರೆ ಕೊಡವಿ. ದಾರ ನಿಮ್ಮ ಕೈಲಿದ್ದರೂ ತಕ್ಕಡಿಯ ಅಂಕಿ ಏರುತ್ತದೆ! ನೀರು ನಾಣ್ಯವನ್ನು ಮೇಲಕ್ಕೆ ತಳ್ಳುತ್ತದೆ, ನಾಣ್ಯ ಅಷ್ಟೇ ಬಲದಿಂದ ನೀರನ್ನು ಕೆಳಕ್ಕೆ ಒತ್ತುತ್ತದೆ. ತಕ್ಕಡಿ ತೋರಿಸುವುದು ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕ. ಒಂದು ಗ್ರಾಂ ನೀರೆಂದರೆ ಒಂದು ಘನ ಸೆಂಟಿಮೀಟರ್, ಹಾಗಾಗಿ ನಾಣ್ಯದ ಗಾತ್ರವೇ ಸಿಕ್ಕಂತೆ. 1.13 ಬಂದರೆ 11.66ನ್ನು ಅದರಿಂದ ಭಾಗಿಸಿ: 10.3. ಇದು ರಾಣಿ ಬೆಳ್ಳಿ. ಬೆಳ್ಳಿಯೇ ಇಲ್ಲದ, ತಾಮ್ರ-ನಿಕಲ್-ಸತು ಬೆರೆಸಿದ ಜರ್ಮನ್ ಸಿಲ್ವರ್ ಆಗಿದ್ದರೆ 1.34ರ ಹತ್ತಿರ ಬರುತ್ತದೆ, ಸಾಂದ್ರತೆ 8.7ಕ್ಕೆ ಇಳಿಯುತ್ತದೆ. ಎರಡಕ್ಕೂ ನಡುವೆ ಇರುವುದು 0.2 ಗ್ರಾಂ. ಅದಕ್ಕೇ ಅಡುಗೆಮನೆಯ ತಕ್ಕಡಿ ಇಲ್ಲಿ ಕೆಲಸಕ್ಕೆ ಬಾರದು.

9.5 ಬಂದರೆ ಗಾಬರಿ ಬೇಡ, ಇಸವಿ ನೋಡಿ. ಯುದ್ಧದ ಕಾಲದಲ್ಲಿ, 1940ರಿಂದ, ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. ಅಂಚಿನ ಗೀರುಗಳ ನಡುವೆ ಸುತ್ತಲೂ ಸಣ್ಣ ಕಾಲುವೆ ತೋಡಿ ಕಳ್ಳರಿಗೆ ಕಷ್ಟವನ್ನೂ ಹೆಚ್ಚಿಸಿದರು. ‘ಅಯಸ್ಕಾಂತಕ್ಕೆ ಅಂಟಿದರೆ ಡೂಪ್ಲಿಕೇಟ್’ ಎನ್ನುವುದೂ ಅರೆಬೆಂದ ಮಾತು. ಹುಲಿ ಇರುವ 1947ರ ರೂಪಾಯಿ ಪೂರ್ತಿ ನಿಕಲ್, ಅಸಲಿಯೇ ಅಂಟುತ್ತದೆ. ಆಸಿಡ್ ಮಾತ್ರ ಹಾಕಿಸಬೇಡಿ. ಉತ್ತರ ಸಿಕ್ಕೀತು, ಆದರೆ ಕಲೆ ಉಳಿದು ಸಂಗ್ರಹಕಾರರ ಬೆಲೆ ಹೋಗುತ್ತದೆ.

ಈ ನೀರಿನ ಪರೀಕ್ಷೆಗೂ ದಕ್ಕದವರಿದ್ದಾರೆ. 1939ರ ರೂಪಾಯಿ ಬಲು ಅಪರೂಪ, 1938ರದ್ದು ಅಷ್ಟಲ್ಲ. ಎರಡರ ಬೆಳ್ಳಿಯೂ ಒಂದೇ. ಕೊನೆಯ 8ನ್ನು ಕೆತ್ತಿ 9 ಮಾಡಿದರೆ ಸಾಂದ್ರತೆ ಚಾಚೂ ತಪ್ಪದೆ 10.3 ಬರುತ್ತದೆ. ಅಲ್ಲಿ ಲೋಟ ಪಕ್ಕಕ್ಕಿಟ್ಟು ಭೂತಗನ್ನಡಿ ಹಿಡಿಯಬೇಕು. ಟಂಕಿಸಿದ ಅಂಕಿಯ ಸುತ್ತ ನೆಲ ನುಣುಪಾಗಿರುತ್ತದೆ, ಕೆತ್ತಿದ ಕಡೆ ಉಳಿಯ ಗೀರು ಕಾಣುತ್ತದೆ. ಆ 9ರ ಬಾಲವನ್ನು ಅದೇ ಇಸವಿಯ ಇನ್ನೊಂದು 9ರದ್ದಕ್ಕೆ ಹೋಲಿಸಿಯೂ ನೋಡಿ.